ಮಿಶಿಗನ್ ಡೈರಿ – 31: ಇಪ್ಪತ್ತೆಂಟು ಸೋಲಿನ ಚಳಿಗಾಲ

ಎರಡು ವಾರದಿಂದ ಏನೂ ಬರೆದಿಲ್ಲ, ಬೈಕೋಬೇಡಿ. ಒಂದು ಕಡೆ ನೈಟ್ ಡ್ಯೂಟಿ, ಇನ್ನೊಂದು ಕಡೆ ಬ್ಯಾಸ್ಕೆಟ್‌ಬಾಲ್. ಹೌದು, ಸರಿಯಾಗೇ ಓದಿದ್ರಿ. ಪಿಯು ಕಾಲೇಜಿನ ಹಿಂದೆ ಬಲೆ ಹರಿದ ಒಂದು ಕಂಬ ಇತ್ತಲ್ಲ, ನಾವು ಟಿಫಿನ್ ಬಾಕ್ಸ್ ಬಿಚ್ಚೋಕೆ ಅದರ ನೆರಳಲ್ಲಿ ಕೂರ್ತಿದ್ವಲ್ಲ, ಅದೇ ಆಟ. ನರ್ಸಿಂಗ್ ಸ್ಕೂಲಲ್ಲಿ ಥ್ರೋಬಾಲ್ ಆಡಿದ್ದು ಬಿಟ್ರೆ ಆಟಕ್ಕೂ ನಂಗೂ ಸಂಬಂಧ ಇಲ್ಲ ಅಂತ ನಿಮಗೆಲ್ಲ ಗೊತ್ತು.

ಮೊನ್ನೆ ಗುರುವಾರ ರಾತ್ರಿ, ಮೇ 1ಕ್ಕೆ, ನಮ್ಮ ಡೆಟ್ರಾಯಿಟ್ ಪಿಸ್ಟನ್ಸ್ ತಂಡ ಪ್ಲೇಆಫ್‌ನಲ್ಲಿ ನ್ಯೂಯಾರ್ಕ್ ನಿಕ್ಸ್ ಎದುರು 116-113ಕ್ಕೆ ಸೋತು ಮನೆಗೆ ಹೋಯ್ತು. ನಾನು ಸ್ಟೇಟಸ್‌ಗೆ ಆ ಸ್ಕೋರ್ ಹಾಕಿ ಪಕ್ಕದಲ್ಲಿ ನಗೋ ಮುಖ ಹಾಕಿದ್ದೆ. ಅಕ್ಕನ ಮಗ ಸಾಗರದಿಂದ ವಾಯ್ಸ್ ಮೆಸೇಜ್ ಕಳಿಸಿದಾನೆ: "ಚಿಕ್ಕಿ, ನಿಮ್ಮ ಟೀಮ್ ಸೋತಿದೆ. ನೀನ್ಯಾಕೆ ನಗ್ತಾ ಇದೀಯ? ಸ್ಕೋರ್ ಸರಿಯಾಗಿ ಓದ್ಲಿಲ್ವಾ?"

ಅವನಿಗೆ ಎರಡು ಸಾಲಿನ ಉತ್ತರ ಕೊಡೋಣ ಅಂತ ಕೂತೆ, ಆಗ್ಲಿಲ್ಲ. ಅದನ್ನ ಹೇಳ್ಬೇಕಂದ್ರೆ 2023ರ ಚಳಿಗಾಲದಿಂದ ಹೇಳ್ಬೇಕು. ಆ ಚಳಿಗಾಲದ ಬಗ್ಗೆ ನಾನು ಊರಿಗೆ ಫೋನ್ ಮಾಡಿ ಹೇಳಿದ್ದರಲ್ಲಿ ಅರ್ಧ ಸುಳ್ಳು. ಅಮ್ಮಾ, ಅಕ್ಕಾ, ಭಾವ, ಸ್ವಲ್ಪ ಸಮಾಧಾನವಾಗಿ ಓದಿ.

ನಾನು ಇಲ್ಲಿಗೆ ಬಂದು ಆಗ ನಾಲ್ಕು ತಿಂಗಳಾಗಿತ್ತು. ಹೃದ್ರೋಗದ ವಾರ್ಡು, ಸಂಜೆ ಏಳರಿಂದ ಬೆಳಿಗ್ಗೆ ಏಳೂವರೆ. ಊರಲ್ಲೂ ಬೆಂಗಳೂರಲ್ಲೂ ಸೇರಿ ಒಂಬತ್ತು ವರ್ಷ ಕೆಲಸ ಮಾಡಿದ್ದೆ, ಐಸಿಯು ನೋಡಿದ್ದೆ. ಇಲ್ಲಿ ಮತ್ತೆ ಒಂದನೇ ಕ್ಲಾಸಿಗೆ ಸೇರಿದ ಹಾಗೆ. ಔಷಧಿಗಳ ಹೆಸರು ಬೇರೆ, ಪಂಪು ಬೇರೆ, ಕಂಪ್ಯೂಟರ್ ಬೇರೆ. ರಾತ್ರಿ ಎರಡು ಗಂಟೆಗೆ ಡಾಕ್ಟರಿಗೆ ಫೋನ್ ಮಾಡಿ ನಾನು ಒಂದು ವಾಕ್ಯ ಹೇಳಿದ್ರೆ ಆ ಕಡೆಯಿಂದ "ಏನು?", ಮತ್ತೆ ಹೇಳಿದ್ರೆ ಮತ್ತೆ "ಏನು?" ಮೂರನೇ ಸಲಕ್ಕೆ ನಂಗೇ ನಾನು ಏನು ಹೇಳೋಕೆ ಹೊರಟಿದ್ದೆ ಅಂತ ಮರೆತು ಹೋಗ್ತಿತ್ತು. ಗಂಟಲಲ್ಲಿ ಉಗುಳು ಒಣಗೋದು. ಕೆಲಸ ಗೊತ್ತಿದ್ದೂ ಬಾಯಿ ಬರದೇ ಇರೋದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ.

ಆ ವಾರ್ಡಿಗೆ ಒಬ್ಬ ಅಜ್ಜ ಬರ್ತಿದ್ರು. ಇಲ್ಲಿ ರೋಗಿಗಳ ವಿಷಯ ಹೊರಗೆ ಹೇಳೋ ಹಾಗಿಲ್ಲ, ಕಾನೂನು ಬಿಗಿ. ಅದಕ್ಕೆ ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದೀನಿ, ಬರೀ ಅಜ್ಜ ಅಂತ ಕರೀತೀನಿ. ಕಾರು ಕಾರ್ಖಾನೇಲಿ ಮೂವತ್ತು ಚಿಲ್ಲರೆ ವರ್ಷ ದುಡಿದು ನಿವೃತ್ತರಾದ, ಕೈ ಮೊರದಷ್ಟು ಅಗಲ ಇರೋ ಕರಿಯ ಅಜ್ಜ. ಹೃದಯದ ಶಕ್ತಿ ಕಮ್ಮಿಯಾಗಿ ಕಾಲಲ್ಲಿ, ಶ್ವಾಸಕೋಶದಲ್ಲಿ ನೀರು ತುಂಬೋದು. ನೀರಿಳಿಸೋ ಇಂಜೆಕ್ಷನ್ ಕೊಟ್ಟು ಐದಾರು ಕೆಜಿ ತೂಕ ಇಳಿಸಿ ಕಳಿಸ್ತಿದ್ವಿ, ಮೂರು ವಾರಕ್ಕೆ ಮತ್ತೆ ಬರ್ತಿದ್ರು. ದಿನಕ್ಕೆ ಒಂದೂವರೆ ಲೀಟರ್‌ಗಿಂತ ಜಾಸ್ತಿ ನೀರು ಕುಡಿಯೋ ಹಾಗಿಲ್ಲ ಅಂದ್ರೆ ಐಸ್ ಚೂರು ತಿಂದು "ಇದು ನೀರಲ್ಲ, ಐಸು" ಅನ್ನೋ ಪೈಕಿ.

ನಾನು ರಾತ್ರಿಯ ಗುಳಿಗೆ ಹಿಡ್ಕೊಂಡು ಅವರ ರೂಮಿಗೆ ಹೋಗೋ ಹೊತ್ತಿಗೆ ಸರಿಯಾಗಿ ಟಿವಿಯಲ್ಲಿ ಪಿಸ್ಟನ್ಸ್ ಆಟ ನಡೀತಿರೋದು. ಪಿಸ್ಟನ್ಸ್ ಅಂದ್ರೆ ಮೊದಲು ಒಳ್ಳೇ ತಂಡವೇ. 1989, 1990, 2004, ಮೂರು ಸಲ ಚಾಂಪಿಯನ್. ಮೊದಲಿನ ಎರಡು ಗೆದ್ದವರನ್ನ 'ಬ್ಯಾಡ್ ಬಾಯ್ಸ್' ಅಂತ ಕರೀತಿದ್ರಂತೆ, ಅಷ್ಟು ಒರಟು ಆಟ. ಅದನ್ನ ಹೇಳುವಾಗ ಅಜ್ಜನ ಬಿಪಿ ಹತ್ತು ಪಾಯಿಂಟ್ ಏರೋದು, ನಾನು ಮತ್ತೆ ಅಳೀಬೇಕಾಗ್ತಿತ್ತು.

ಈಗ ಆ ವರ್ಷದ ಲೆಕ್ಕ ಕೇಳಿ. ಐಪಿಎಲ್‌ನಲ್ಲಿ ಒಂದು ತಂಡಕ್ಕೆ ಲೀಗ್‌ನಲ್ಲಿ 14 ಆಟ. ಇಲ್ಲಿ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ 82 ಆಟ. 2023ರಲ್ಲಿ ಮೊದಲ ಮೂರರಲ್ಲಿ ಎರಡು ಗೆದ್ರು, ಊರೆಲ್ಲ ಖುಷಿ. ಅಕ್ಟೋಬರ್ 30ಕ್ಕೆ ಒಂದು ಸೋತ್ರು. ಆಮೇಲೆ ನಿಲ್ಲಲೇ ಇಲ್ಲ. ನವೆಂಬರ್ ತಿಂಗಳಿಡೀ ಒಂದೂ ಗೆಲುವಿಲ್ಲ. ನಮ್ಮ ಆರ್‌ಸಿಬಿ 2017ರಲ್ಲಿ ಕೋಲ್ಕತ್ತಾದಲ್ಲಿ 49ಕ್ಕೆ ಆಲೌಟ್ ಆದ ದಿನ ಭಾವ ಟಿವಿ ರಿಮೋಟ್ ಎಸೆದಿದ್ರಲ್ಲ, ಆ ದಿನವನ್ನ ಎರಡು ತಿಂಗಳು ದಿನಾ ಬಿಟ್ಟು ದಿನ ಅನುಭವಿಸೋದು ಅಂದ್ಕೊಳ್ಳಿ.

ತಂಡದ ನಾಯಕನಂಥ ಹುಡುಗ ಕೇಡ್ ಕನ್ನಿಂಗ್‌ಹ್ಯಾಮ್. ಆಗ ಅವನಿಗೆ 22 ವರ್ಷ. 2021ರಲ್ಲಿ ಇಡೀ ದೇಶದ ಹೊಸ ಆಟಗಾರರಲ್ಲಿ ಮೊದಲನೆಯವನಾಗಿ ಆಯ್ಕೆಯಾಗಿ ಬಂದಿದ್ದ. ಕಾಲಿನ ಮೂಳೆಯ ಶಸ್ತ್ರಚಿಕಿತ್ಸೆಯಿಂದ ಹಿಂದಿನ ವರ್ಷ ಹೆಚ್ಚು ಕಡಿಮೆ ಪೂರ್ತಿ ಹೊರಗಿದ್ದು ಆಗಷ್ಟೇ ಮರಳಿದ್ದ. ಕೋಚ್ ಮಾಂಟಿ ವಿಲಿಯಮ್ಸ್. ಆರು ವರ್ಷಕ್ಕೆ 7 ಕೋಟಿ 85 ಲಕ್ಷ ಡಾಲರ್ ಒಪ್ಪಂದ, ಆವರೆಗೆ ಯಾವ ಕೋಚಿಗೂ ಅಷ್ಟು ಕೊಟ್ಟಿರಲಿಲ್ಲ. ಜನ ಅವರಿಗೆ ಬಾಯಿಗೆ ಬಂದ ಹಾಗೆ ಬೈತಿದ್ರು. ಅವರು ಕೆಲಸ ಒಪ್ಪಿಕೊಳ್ಳೋ ಹೊತ್ತಿಗೇ ಹೆಂಡತಿಗೆ ಸ್ತನದ ಕ್ಯಾನ್ಸರ್ ಅಂತ ಗೊತ್ತಾಗಿತ್ತು, ಅವರೇ ಎಲ್ಲರೆದುರು ಹೇಳಿದ್ದರು. ನಾನು ನರ್ಸ್ ಅಲ್ವಾ, ನಂಗೆ ಆಮೇಲೆ ಅವರನ್ನ ಬೈಯೋ ಮನಸ್ಸು ಬರ್ಲಿಲ್ಲ. ಅಜ್ಜನಿಗೆ ಆ ಸಮಸ್ಯೆ ಇರಲಿಲ್ಲ. "ಅದು ಬೇರೆ, ಇದು ಬೇರೆ" ಅಂತ ಹೇಳಿ ಬೈತಿದ್ರು.

ಸೋತವರಿಗೆ ಇಲ್ಲಿ ಒಂದು ಸಮಾಧಾನ ಇದೆ. ಮುಂದಿನ ವರ್ಷದ ಹೊಸ ಆಟಗಾರರನ್ನ ಆರಿಸೋ ಸರದಿಗೆ ಲಾಟರಿ ಎತ್ತುತ್ತಾರೆ, ಆಗ ಕಡೇ ಮೂರು ಸ್ಥಾನದ ತಂಡಗಳಿಗೆ ಮೊದಲ ಆಯ್ಕೆ ಸಿಗೋ ಅವಕಾಶ ತಲಾ 14 ಶೇಕಡಾ ಇತ್ತು. 2023ರ ಲಾಟರಿಗೆ ಮೊದಲು ಪಿಸ್ಟನ್ಸೇ ಎಲ್ಲರಿಗಿಂತ ಕೆಳಗಿದ್ದದ್ದು, 17 ಗೆಲುವು 65 ಸೋಲು. ಫ್ರಾನ್ಸಿನ ಆ ಏಳಡಿ ದಾಟಿದ ಹುಡುಗ ವೆಂಬನ್ಯಾಮ ನಮಗೇ ಬರ್ತಾನೆ ಅಂತ ಕಾದಿದ್ರು. ಐದನೇ ನಂಬರು ಬಂತು, ಹುಡುಗ ಸ್ಯಾನ್ ಆಂಟೋನಿಯೊಗೆ ಹೋದ. "ನಮಗೆ ಸೋಲೋದನ್ನೂ ಸರಿಯಾಗಿ ಸೋಲೋಕೆ ಬರಲ್ಲ ಮಗಳೇ" ಅಂದ್ರು ಅಜ್ಜ. ನಾನು ಆ ವಾರ್ಡಲ್ಲಿ ಮೊದಲ ಸಲ ಜೋರಾಗಿ ನಕ್ಕಿದ್ದು ಅವತ್ತು.

ಇನ್ನು ನನ್ನ ಕಥೆ.

ಡಿಸೆಂಬರ್ ಮೊದಲ ವಾರ. ಬೇರೆ ರೋಗಿ, ಅಜ್ಜ ಅಲ್ಲ. ರಾತ್ರಿ ಒಂಬತ್ತರ ಗುಳಿಗೆಯಲ್ಲಿ ಮೆಟೊಪ್ರೊಲಾಲ್ ಇತ್ತು, ಹೃದಯದ ಬಡಿತ ಇಳಿಸೋ ಗುಳಿಗೆ. ನಾಡಿ 60ಕ್ಕಿಂತ ಕಮ್ಮಿ ಇದ್ರೆ ಕೊಡಬೇಡಿ ಅಂತ ಆರ್ಡರಲ್ಲೇ ಬರೆದಿದ್ರು. ನಾನು ಏಳು ಗಂಟೆಗೆ ನೋಡಿದ ನಾಡಿ 66. ಒಂಬತ್ತಕ್ಕೆ ಮತ್ತೆ ನೋಡ್ಬೇಕಿತ್ತು, ನೋಡ್ಲಿಲ್ಲ. ಅಷ್ಟರಲ್ಲಿ ಪಕ್ಕದ ರೂಮಿನ ಪಂಪು ಕೂಗ್ತಿತ್ತು, ಯಾರೋ ಮಗ್ಗುಲು ಬದಲಿಸಿ ಅಂತ ಬೆಲ್ ಒತ್ತಿದ್ರು, ಫೋನ್ ಬೇರೆ. ಇವೆಲ್ಲ ನೆಪ. ಗುಳಿಗೆ ಸ್ಕ್ಯಾನ್ ಮಾಡಿದೆ, ಕೊಟ್ಟೆ. ಹನ್ನೊಂದು ಗಂಟೆಗೆ ಮಾನಿಟರ್ ಅಲಾರಂ. ನಾಡಿ 42. ಹಿಂದಕ್ಕೆ ಹೋಗಿ ನೋಡಿದ್ರೆ ನಾನು ಗುಳಿಗೆ ಕೊಟ್ಟ ಹೊತ್ತಿಗೆ ಅದು 54 ಇತ್ತು.

ದೇವರು ದೊಡ್ಡವನು, ಏನೂ ಆಗ್ಲಿಲ್ಲ. ಡಾಕ್ಟರ್ ಬಂದ್ರು, ರಾತ್ರಿಯಿಡೀ ಕಾದ್ವಿ, ಬೆಳಿಗ್ಗೆ ಹೊತ್ತಿಗೆ ನಾಡಿ ತಾನಾಗೇ ಏರಿತು, ರೋಗಿಗೆ ತಲೆಸುತ್ತೂ ಬರ್ಲಿಲ್ಲ. ತಪ್ಪಿನ ವರದಿ ನಾನೇ ಬರೆದೆ. ಆದ್ರೆ ಅವತ್ತಿಂದ ನನ್ನ ಕೈ ನಂಗೆ ಬೇರೆಯವರ ಕೈ ಅನ್ನಿಸೋಕೆ ಶುರುವಾಯ್ತು. ಒಂದು ಗುಳಿಗೆ ಕೊಡೋಕೆ ನಾಲ್ಕು ಸಲ ಓದ್ತಿದ್ದೆ. ಕೆಲಸ ತಡವಾಗೋದು, ತಡವಾದ್ರೆ ಇನ್ನೊಂದು ಮರೆಯೋದು. ಜನವರಿ ಎರಡನೇ ವಾರ ಮ್ಯಾನೇಜರ್ ಜೊತೆ ಮೀಟಿಂಗ್ ಅಂತ ಇಮೇಲ್ ಬಂತು. ವಿಷಯ ಏನಂತ ಬರೆದಿರಲಿಲ್ಲ. ಕೆಲಸದಿಂದ ತೆಗೀತಾರೆ ಅಂತ ನಾನೇ ತೀರ್ಮಾನ ಮಾಡ್ಕೊಂಡೆ. ನಾನಾಗೇ ಬಿಡೋಣ ಅಂದ್ರೆ ಏಜೆನ್ಸಿಯ ಕರಾರು, ಮಧ್ಯೆ ಬಿಟ್ರೆ ದುಡ್ಡು ಕಟ್ಟಬೇಕು. ಡ್ಯೂಟಿ ಮುಗಿಸಿ ಬಂದು ನಿದ್ದೆ ಬರದೇ ಡೆಟ್ರಾಯಿಟ್‌ನಿಂದ ಬೆಂಗಳೂರಿಗೆ ಟಿಕೆಟ್ ಎಷ್ಟು ಅಂತ ನೋಡ್ತಾ ಮಲಗ್ತಿದ್ದೆ. ಅದೇ ದಿನಗಳಲ್ಲಿ ಹಿಮದಲ್ಲಿ ನಿಂತು ಕೆಂಪು ಟೋಪಿ ಹಾಕ್ಕೊಂಡು ತೆಗೆಸಿದ ಫೋಟೋ ಇಲ್ಲಿ ಹಾಕಿದ್ದೆ. ನೀವೆಲ್ಲ 'ಸೂಪರ್' ಅಂತ ಬರೆದಿದ್ರಿ.

ಡಿಸೆಂಬರ್ 24ಕ್ಕೆ ಅಜ್ಜ ಮತ್ತೆ ಬಂದ್ರು, ಕಾಲು ಕಂಬದ ಹಾಗೆ ಊದಿಸಿಕೊಂಡು. 26, 27, 28 ನಂಗೆ ಡ್ಯೂಟಿ. 26ಕ್ಕೆ ಡೆಟ್ರಾಯಿಟ್‌ನಲ್ಲೇ ಬ್ರೂಕ್ಲಿನ್ ನೆಟ್ಸ್ ಜೊತೆ ಆಟ. ಕೇಡ್ ಒಬ್ಬನೇ 41 ಪಾಯಿಂಟ್ ಹೊಡೆದ. ಆದ್ರೂ 118-112ಕ್ಕೆ ಸೋಲು. ಸತತ 27ನೇದು. ಒಂದೇ ಸೀಸನ್ನಲ್ಲಿ ಎನ್‌ಬಿಎಯ ಯಾವ ತಂಡವೂ ಅಲ್ಲಿಯವರೆಗೆ ಅಷ್ಟು ಸತತವಾಗಿ ಸೋತಿರಲಿಲ್ಲ. ಕ್ರೀಡಾಂಗಣದಲ್ಲಿ ಜನ "ತಂಡ ಮಾರಿಬಿಡು" ಅಂತ ಮಾಲೀಕನಿಗೆ ಕೇಳೋ ಹಾಗೆ ಒಟ್ಟಾಗಿ ಕೂಗ್ತಿದ್ರು.

ನಾನು ಕೇಳಿದೆ, "ಇಷ್ಟು ಸಿಟ್ಟಿದ್ರೆ ದುಡ್ಡು ಕೊಟ್ಟು ಯಾಕೆ ಹೋಗ್ತಾರೆ? ನೀವಾದ್ರೂ ಯಾಕೆ ನೋಡ್ತೀರಿ?"

ಅಜ್ಜ ಆಕ್ಸಿಜನ್ ನಳಿಕೆ ಸರಿ ಮಾಡ್ಕೊಂಡು, "ಕೂಗೋರು ಇರೋವರೆಗೆ ತಂಡ ಸತ್ತಿಲ್ಲ. ಖಾಲಿ ಕುರ್ಚಿ ನೋಡು, ಅದು ಕೆಟ್ಟದ್ದು" ಅಂದ್ರು. ಆಮೇಲೆ ಒಂದು ಲೆಕ್ಕ ಹೇಳಿದ್ರು. ಕಡೇ ಐದು ನಿಮಿಷದ ತನಕ ನಾವು ಸರಿಸಮ ಇದ್ವಿ, ಆ ಹುಡುಗನಿಗೆ ಪಾಸ್ ಕೊಡೋಕೆ ಪಕ್ಕದಲ್ಲಿ ದೂರದಿಂದ ಹೊಡೆಯೋನು ಇಲ್ಲ, ಅದಕ್ಕೆ ಮೂರು ಜನ ಅವನ ಮೇಲೇ ಬೀಳ್ತಾರೆ. "ಹುಡುಗ ಕೆಟ್ಟವನಲ್ಲ. ಅವನನ್ನ ಒಂಟಿ ಬಿಟ್ಟಿದಾರೆ, ಅಷ್ಟೆ." ಇದನ್ನ ಆಟದ ಬಗ್ಗೆಯೇ ಹೇಳಿದ್ದು. ನಂಗೆ ಮಾತ್ರ ಗುಳಿಗೆಯ ಟ್ರೇ ಹಿಡ್ಕೊಂಡು ಅಲ್ಲೇ ಸ್ವಲ್ಪ ಹೊತ್ತು ನಿಲ್ಲಬೇಕು ಅನ್ನಿಸ್ತು, ನಿಂತೆ.

28ಕ್ಕೆ ಬಾಸ್ಟನ್‌ನಲ್ಲಿ ಆಟ. ಬಾಸ್ಟನ್ ಆ ವರ್ಷ ತಮ್ಮ ಊರಲ್ಲಿ ಆವರೆಗೆ ಒಂದೂ ಸೋತಿರಲಿಲ್ಲ, ಆಮೇಲೆ ಕಪ್ಪೂ ಅವರೇ ಗೆದ್ದಿದ್ದು. ಅರ್ಧ ಆಟಕ್ಕೆ ನಮ್ಮವರು 66-47ರಿಂದ ಮುಂದೆ! ವಾರ್ಡಿನಲ್ಲಿ ಸುದ್ದಿ ಹಬ್ಬಿ, ಕ್ಲೀನಿಂಗ್ ಮಾಡೋ ಹೆಂಗಸು ಕೂಡ ಬಾಗಿಲಲ್ಲಿ ನಿಂತಿದ್ಲು. ಅಜ್ಜ ನಂಗೆ, "ಈಗಲೇ ಟಿವಿ ಆರಿಸಿ ಮಲಗಿಬಿಡ್ಲಾ?" ಅಂದ್ರು. ಆರಿಸ್ಲಿಲ್ಲ. ಓವರ್‌ಟೈಮ್‌ಗೆ ಹೋಗಿ 128-122ಕ್ಕೆ ಸೋಲು. 28. ಫಿಲಡೆಲ್ಫಿಯಾ ತಂಡ ಹಿಂದೆ ಎರಡು ಸೀಸನ್ ಸೇರಿಸಿ ಸೋತ 28ರ ದಾಖಲೆಗೆ ಸಮ. ಅಜ್ಜ ಏನೂ ಮಾತಾಡ್ಲಿಲ್ಲ, ನಾನೂ ಆಡ್ಲಿಲ್ಲ. ದಿಂಬು ಸರಿ ಮಾಡಿದೆ. ಮಾರನೇ ದಿನ ಅವರಿಗೆ ಡಿಸ್ಚಾರ್ಜ್.

30, ಶನಿವಾರ. ನಂಗೆ ರಜೆ. ರೂಮಲ್ಲಿ ಒಬ್ಬಳೇ, ಅನ್ನ ಸಾರು ಮಾಡಿ ಫೋನಲ್ಲಿ ಸ್ಕೋರ್ ನೋಡ್ತಾ ಕೂತೆ. ಟೊರಾಂಟೊ ಜೊತೆ. ಟೊರಾಂಟೊದವರು ಅದೇ ದಿನ ತಮ್ಮ ಒಳ್ಳೇ ಆಟಗಾರ ಅನುನೋಬಿಯನ್ನ ನ್ಯೂಯಾರ್ಕಿಗೆ ಕೊಟ್ಟಿದ್ರು, ಅವರ ಕಡೆ ಜನ ಕಮ್ಮಿ. ಯಾವುದಾದ್ರೂ ಇರ್ಲಿ, 129-127. ಗೆದ್ರು! ಎರಡು ತಿಂಗಳ ಮೇಲೆ ಒಂದು. ಜನ ಕಪ್ ಗೆದ್ದ ಹಾಗೆ ಕುಣಿದ್ರು. ಅವತ್ತಿನ ಲೆಕ್ಕ ನೋಡಿದ್ರೆ 3 ಗೆಲುವು, 29 ಸೋಲು. ಅದಕ್ಕೆ ಆ ಕುಣಿತ.

ನಾನು ಅತ್ತೆ. ಬಿಕ್ಕಿ ಬಿಕ್ಕಿ, ಸಾರಿನ ತಟ್ಟೆ ಮುಂದಿಟ್ಕೊಂಡು. ಅಷ್ಟರಲ್ಲಿ ಅಮ್ಮನ ಫೋನ್, ನಿಮಗೆ 31ರ ಬೆಳಿಗ್ಗೆ. "ಏನೇ, ದನಿ ಹಾಗಿದೆ?" ಅಂದಿದ್ದಕ್ಕೆ ಶೀತ, ಮೂಗು ಕಟ್ಟಿದೆ, ಹಿಮ ಜಾಸ್ತಿ ಅಂದಿದ್ದೆ. ನೀನು ಮೆಣಸಿನ ಕಷಾಯ ಹೇಗೆ ಮಾಡೋದು ಅಂತ ಹತ್ತು ನಿಮಿಷ ಹೇಳಿದ್ದೆ. ಅಮ್ಮಾ, ಅದು ಶೀತ ಅಲ್ಲ.

ಜನವರಿ ಮೀಟಿಂಗ್‌ನಲ್ಲಿ ನನ್ನ ಕೆಲಸ ಹೋಗ್ಲಿಲ್ಲ. ಇನ್ನೂ ಆರು ವಾರ ತರಬೇತಿ ಅಂದ್ರು, ಜೊತೆಗೆ ಬೇರೆ ಪ್ರಿಸೆಪ್ಟರ್ ಕೊಟ್ರು. ಫಿಲಿಪೈನ್ಸ್‌ನವರು, ಇಪ್ಪತ್ತು ವರ್ಷದ ಹಿಂದೆ ನನ್ನ ಹಾಗೇ ಬಂದವರು. ಮೊದಲ ದಿನವೇ, "ಫೋನ್ ಮಾಡೋ ಮುಂಚೆ ನಾಲ್ಕು ಸಾಲು ಬರೀ. ಈಗ ಏನಾಗಿದೆ, ರೋಗಿಯ ಹಿನ್ನೆಲೆ ಏನು, ನಿಂಗೆ ಏನು ಅನ್ನಿಸ್ತಿದೆ, ಡಾಕ್ಟರಿಂದ ಏನು ಬೇಕು. ಅದನ್ನ ಓದು, ನಿಧಾನಕ್ಕೆ ಓದು. 'ಏನು?' ಅಂದ್ರೆ ಅದೇ ಸಾಲು ಮತ್ತೆ ಓದು, ಹೊಸದು ಹುಡುಕಬೇಡ" ಅಂದ್ರು. ಎಸ್‌ಬಿಎಆರ್ ಅಂತ ಅದಕ್ಕೆ ಹೆಸರು, ನಂಗೂ ಓದಿ ಗೊತ್ತಿತ್ತು. ಪಕ್ಕದಲ್ಲಿ ನಿಂತು ಓದಿಸಿದವರು ಮಾತ್ರ ಇರಲಿಲ್ಲ. ಇನ್ನೊಂದು, ಗುಳಿಗೆ ಕೊಡುವಾಗ ಎಡಗೈ ಬೆರಳು ರೋಗಿಯ ಮಣಿಕಟ್ಟಿನ ಮೇಲೆ. ಮಾನಿಟರ್ ಏನೇ ಹೇಳ್ಲಿ. ಈಗಲೂ ಹಾಗೇ ಮಾಡ್ತೀನಿ.

ಮಾರ್ಚ್‌ನಲ್ಲಿ ಅಜ್ಜ ಇನ್ನೊಂದು ಸಲ ಬಂದ್ರು. ತಂಡದ ಹೊಸ ಹುಡುಗ ಔಸಾರ್ ಥಾಂಪ್ಸನ್‌ಗೆ ರಕ್ತ ಹೆಪ್ಪುಗಟ್ಟಿದೆ, ಈ ಸೀಸನ್ ಮುಗೀತು ಅಂತ ಸುದ್ದಿ ಬಂದಿತ್ತು. ಐದನೇ ನಂಬರಿಗೆ ಸಿಕ್ಕಿದ ಹುಡುಗ ಅವನೇ. ಅಜ್ಜ ಗಾಬರಿಯಾಗಿ, "ಇಷ್ಟು ಗಟ್ಟಿ ಹುಡುಗನಿಗೆ ಅದು ಹೇಗೆ ಬರುತ್ತೆ? ಔಷಧಿ ತಗೊಂಡು ಆಡಬಾರದಾ?" ಅಂತ ನನ್ನ ಕೇಳಿದ್ರು. ನಾನು ಸ್ಟೂಲ್ ಎಳ್ಕೊಂಡು ಕೂತೆ. ಅವನದು ಹೇಗಂತ ನಂಗೆ ಗೊತ್ತಿಲ್ಲ, ಸಾಮಾನ್ಯವಾಗಿ ಹೇಳ್ತೀನಿ ಅಂದೆ. ಹೆಪ್ಪಿಗೆ ಕೊಡೋದು ರಕ್ತ ತೆಳು ಮಾಡೋ ಗುಳಿಗೆ, ಬೆಳಿಗ್ಗೆ ಸಂಜೆ ನೀವು ತಗೊಳ್ತೀರಲ್ಲ, ಅದೇ ಜಾತಿದು. ಅದನ್ನ ತಗೊಂಡೋರು ಎದುರಾಳಿಯ ಮೊಣಕೈಗೆ ಸಿಕ್ಕಿದ್ರೆ, ತಲೆ ನೆಲಕ್ಕೆ ಬಡಿದ್ರೆ ಒಳಗೆ ರಕ್ತ ಸೋರಿ ನಿಲ್ಲೋದೇ ಇಲ್ಲ. ಅದಕ್ಕೇ ಮೈಗೆ ಮೈ ತಾಗೋ ಆಟ ಬೇಡ ಅನ್ನೋದು. ನೀವು ಬಾತ್‌ರೂಮಿಗೆ ಒಬ್ಬರೇ ಎದ್ದು ಹೋಗಬೇಡಿ ಅಂತ ನಾನು ಯಾಕೆ ಬಡ್ಕೊಳ್ತೀನಿ ಅಂತ ಈಗ ಗೊತ್ತಾಯ್ತಾ ಅಂದೆ.

ಅಜ್ಜ ಪೂರ್ತಿ ಕೇಳಿದ್ರು. ಒಂದು ಸಲವೂ "ಏನು?" ಅನ್ನಲಿಲ್ಲ. ಅವತ್ತು ರಾತ್ರಿ ಬಾತ್‌ರೂಮಿಗೆ ಹೋಗೋಕೆ ಬೆಲ್ ಒತ್ತಿದ್ರು, ಮೂರು ಸಲವೂ.

ಅದೇ ಕೊನೆ. ಆಮೇಲೆ ನಮ್ಮ ವಾರ್ಡಿಗೆ ಬರ್ಲಿಲ್ಲ. ಕಂಪ್ಯೂಟರಲ್ಲಿ ಹೆಸರು ಹೊಡೆದ್ರೆ ಗೊತ್ತಾಗುತ್ತೆ, ಆದ್ರೆ ನಮ್ಮ ಆರೈಕೆಯಲ್ಲಿ ಇಲ್ಲದ ರೋಗಿಯ ಫೈಲು ಕುತೂಹಲಕ್ಕೆ ತೆಗೆಯೋ ಹಾಗಿಲ್ಲ. ತೆಗೆದಿಲ್ಲ.

ಪಿಸ್ಟನ್ಸ್ ಆ ಸೀಸನ್ ಮುಗಿಸಿದ್ದು 14 ಗೆಲುವು, 68 ಸೋಲಿಗೆ, ಅವರ ಇತಿಹಾಸದಲ್ಲೇ ಅತಿ ಕೆಟ್ಟದ್ದು. ಲಾಟರಿಯಲ್ಲಿ ಮತ್ತೆ ಐದನೇ ನಂಬರು! ಜೂನ್‌ನಲ್ಲಿ ಕೋಚನ್ನ ತೆಗೆದ್ರು, ಇನ್ನೂ ಐದು ವರ್ಷದ ಒಪ್ಪಂದ ಬಾಕಿ ಇತ್ತು. (ಸೋತವರಿಗೂ ಕೋಟಿ ಕೋಟಿ. ನಮಗೆ ಓವರ್‌ಟೈಮ್ ಕೇಳಿದ್ರೆ ಮುಖ ಸಿಂಡರಿಸ್ತಾರೆ.) ಬಂದವರು ಜೆ.ಬಿ. ಬಿಕರ್‌ಸ್ಟಾಫ್, ಅವರನ್ನೂ ಕ್ಲೀವ್‌ಲ್ಯಾಂಡ್‌ನವರು ಆಗಷ್ಟೇ ತೆಗೆದಿದ್ರು. ಟೋಬಿಯಸ್ ಹ್ಯಾರಿಸ್, ಮಲಿಕ್ ಬೀಸ್ಲಿ, ಟಿಮ್ ಹಾರ್ಡವೇ ಜೂನಿಯರ್ ಅಂತ ಅನುಭವಿಗಳನ್ನ ತಂದ್ರು. ಅಜ್ಜ ಹೇಳಿದ್ರಲ್ಲ, ದೂರದಿಂದ ಹೊಡೆಯೋರು. ಕೇಡ್ ಅದೇ ಕೇಡ್. 2024-25ರ ಸೀಸನ್ 44 ಗೆಲುವು, 38 ಸೋಲು. ಹೆಪ್ಪು ವಾಸಿಯಾಗಿ ಔಸಾರ್ ಕೂಡ ನವೆಂಬರ್‌ನಲ್ಲಿ ಮರಳಿ ಬಂದ.

ಸೋಲು ಪಾಠ ಕಲಿಸುತ್ತೆ ಅಂತ ವಾಟ್ಸಾಪಿನಲ್ಲಿ ದಿನಾ ಬೆಳಿಗ್ಗೆ ಬರುತ್ತಲ್ಲ, ನಂಗೆ ಅದರಲ್ಲಿ ನಂಬಿಕೆ ಹೋಗಿದೆ. ಎಂಟನೇ ಸೋಲು ಕಲಿಸದೇ ಇದ್ದದ್ದನ್ನ ಇಪ್ಪತ್ತೆಂಟನೇದು ಏನೂ ಕಲಿಸ್ಲಿಲ್ಲ. ಆ ಡಿಸೆಂಬರ್‌ನಲ್ಲಿ ನಾನು ಕಲಿತಿದ್ದು ಹೆದರೋದನ್ನ ಮಾತ್ರ. ಪಕ್ಕಕ್ಕೆ ಯಾರೋ ಬಂದು ನಿಂತ ಮೇಲೆ ಕೈ ಮತ್ತೆ ನನ್ನದಾಯ್ತು.

ಏಪ್ರಿಲ್ 21ಕ್ಕೆ ನ್ಯೂಯಾರ್ಕಿನಲ್ಲಿ 100-94ಕ್ಕೆ ಗೆದ್ದಾಗ ನಂಗೆ ಡ್ಯೂಟಿ. 2008ರಿಂದ ಈಚೆಗೆ ಪ್ಲೇಆಫ್‌ನಲ್ಲಿ ಇವರ ಮೊದಲ ಗೆಲುವು, ನಡುವೆ 15 ಆಟ ಸತತ ಸೋತಿದ್ರು. ಅಜ್ಜ ಇರ್ತಿದ್ದ ಅದೇ ರೂಮಲ್ಲಿ ಈಗ ಬೇರೆ ಯಾರೋ ಇದ್ರು, ಟಿವಿಯಲ್ಲಿ ಅಡುಗೆ ಕಾರ್ಯಕ್ರಮ ಹಾಕ್ಕೊಂಡಿದ್ರು. ಚಾನೆಲ್ ಬದಲಿಸಿ ಅಂತ ಹೇಳೋಕಾಗುತ್ತಾ? ಸ್ಕೋರ್ ನಂಗೆ ಕಾರಿಡಾರಲ್ಲಿ ಕ್ಲೀನಿಂಗ್ ಹೆಂಗಸು ಹೇಳಿದ್ಲು. ಇಬ್ಬರೂ ಗ್ಲೌಸ್ ಹಾಕಿದ ಕೈಯಲ್ಲೇ ತಾಳಿ ಕೊಟ್ವಿ, ಆಮೇಲೆ ಗ್ಲೌಸ್ ಬದಲಿಸಿದ್ವಿ.

ಪುಟ್ಟಾ, ನೀನು ಕೇಳಿದ್ದಕ್ಕೆ ಉತ್ತರ ಇದು. ಸ್ಕೋರ್ ಸರಿಯಾಗೇ ಓದಿದೀನಿ. ಮೂರು ಪಾಯಿಂಟಿಂದ ಸೋತ್ರು, ಅದೂ ಪ್ಲೇಆಫ್‌ನಲ್ಲಿ. ಮುಂದಿನ ಸೀಸನ್ ಅಕ್ಟೋಬರ್‌ಗೆ. ಅಲ್ಲಿಯವರೆಗೆ ಭಾವನ ಜೊತೆ ಆರ್‌ಸಿಬಿ ನೋಡ್ತೀನಿ. ಹದಿನೇಳು ಸೀಸನ್ ಕಾದವರ ಜೊತೆ ಕೂರೋಕೆ ನಂಗೀಗ ಸ್ವಲ್ಪ ಯೋಗ್ಯತೆ ಬಂದಿದೆ ಅನ್ಕೊಂಡಿದೀನಿ. ಭಾವ, ರಿಮೋಟ್ ಮಾತ್ರ ಅಕ್ಕನ ಕೈಲಿ ಇರ್ಲಿ.

ಅಮ್ಮಾ, ಇದನ್ನ ಓದಿ ಗಾಬರಿಯಾಗಿ ಈಗಲೇ ಫೋನ್ ಮಾಡಬೇಡ. ಇಲ್ಲಿ ಮಧ್ಯಾಹ್ನ, ಮಲಗಿರ್ತೀನಿ, ರಾತ್ರಿ ಡ್ಯೂಟಿ ಇದೆ. ಭಾನುವಾರ ನಾನೇ ಮಾಡ್ತೀನಿ.